ತಡವಾಗಿ ಬಂದ ಉತ್ತರ

ವಿಜಯನಗರದ ರಕ್ತಪರೀಕ್ಷೆಯ ಲ್ಯಾಬಿನಿಂದ ಅದು ಮೂರನೆಯ ದೂರು. ಒಬ್ಬರ ರಿಪೋರ್ಟಿನಲ್ಲಿ ಇನ್ನೊಬ್ಬರ ಸಕ್ಕರೆ ಪ್ರಮಾಣ ಅಚ್ಚಾಗುತ್ತಿತ್ತು. ಅಲ್ಲಿನ ಎರಡು ಕಂಪ್ಯೂಟರುಗಳಿಗೂ ಒಳಕೋಣೆಯಲ್ಲಿದ್ದ ಒಂದೇ ಡಿಸ್ಕು, ನಡುವೆ ಕೇಬಲ್. 1988ರಲ್ಲಿ ಇಂಥದ್ದನ್ನು ಜೋಡಿಸಿಕೊಡುವವರು ಅಪರೂಪ. ರಾಜಾಜಿನಗರದ ಆ ಪುಟ್ಟ ಕಂಪನಿಯಲ್ಲಿ ಡಿಸ್ಕಿನ ಡ್ರೈವರ್, ಅಂದರೆ ಡಿಸ್ಕಿನೊಡನೆ ಮಾತಾಡುವ ಪ್ರೋಗ್ರಾಮು, ಬರೆದವಳು ಜಗದಾಂಬಾ.

ಮ್ಯಾನೇಜರ್ ಚಕ್ರಪಾಣಿ ತಪ್ಪನ್ನು ಕೇಬಲ್ ಎಳೆದ ಮುನಿರಾಜುವಿನ ತಲೆಗೆ ಕಟ್ಟಿದ್ದರು. ಅವನು ಎರಡು ಸಲ ಕೇಬಲ್ ಬದಲಾಯಿಸಿಯೂ ಆಗಿತ್ತು. "ಈ ಸಲ ಅವನಿಗೆ ಮೆಮೊ ಕೊಡ್ತೀನಿ," ಎಂದರು. ಜಗದಾಂಬಾ ಸುಮ್ಮನಿದ್ದಳು, ಅವಳಿಗೂ ಕೇಬಲ್ಲಿನ ಮೇಲೇ ಅನುಮಾನ.

ಲ್ಯಾಬಿಗೆ ಹೋದಾಗ ಮುನಿರಾಜು ಹೇಳಿದ: "ಮೇಡಂ, ಕೇಬಲ್ ಕೆಟ್ಟಿದ್ರೆ ಯಾವಾಗ್ಲೂ ಕೆಡ್ಬೇಕು. ಎರಡು ಮಷಿನ್ನಲ್ಲೂ ಒಟ್ಟಿಗೆ ಕೆಲ್ಸ ಮಾಡಿದ್ರೆ ಮಾತ್ರ ಹಿಂಗಾಗೋದು."

ಇಬ್ಬರೂ ಒಂದೊಂದು ಮಷಿನ್ನಿನ ಮುಂದೆ ಕೂತರು. ಮಧ್ಯಾಹ್ನದ ಹೊತ್ತಿಗೆ ಗುಟ್ಟು ಸಿಕ್ಕಿತು. ಕೆಲಸ ಹೆಚ್ಚಾದಾಗ ಡಿಸ್ಕಿನ ಉತ್ತರ ತಡವಾಗುತ್ತಿತ್ತು. ಒಂದು ಸೆಕೆಂಡು ಕಾದು ಅವಳ ಪ್ರೋಗ್ರಾಮು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿತ್ತು. ಡಿಸ್ಕು ಎರಡಕ್ಕೂ ಉತ್ತರ ಕೊಡುತ್ತಿತ್ತು. ಮಿಕ್ಕ ಉತ್ತರವನ್ನು ಪ್ರೋಗ್ರಾಮು ಮುಂದಿನ ರೋಗಿಯದೆಂದು ತಿಳಿಯುತ್ತಿತ್ತು.

ಜಗದಾಂಬಾ ಲ್ಯಾಬಿನ ಫೋನಿನಿಂದಲೇ ಚಕ್ರಪಾಣಿಯವರಿಗೆ ಹೇಳಿದಳು: "ಸಾರ್, ಕೇಬಲ್ ಅಲ್ಲ. ತಪ್ಪು ನಂದು."

ಚಕ್ರಪಾಣಿ, "ಕಾಯೋ ಟೈಮ್ ಜಾಸ್ತಿ ಮಾಡಿ, ಮುಗೀತು," ಎಂದರು.

"ಮುಗಿಯಲ್ಲ ಸಾರ್. ಹಂಗೆ ಮಾಡಿದ್ರೆ ತಪ್ಪು ಅಪರೂಪಕ್ಕೆ ಆಗುತ್ತೆ, ಅಷ್ಟೇ."

ಎರಡು ದಿನ ಕೂತು, ಪ್ರತಿ ಪ್ರಶ್ನೆಗೂ ಒಂದು ನಂಬರು ಕೊಟ್ಟಳು. ನಂಬರು ಹೊಂದದ ಉತ್ತರವನ್ನು ಪ್ರೋಗ್ರಾಮು ಎಸೆಯತೊಡಗಿತು. ಚಕ್ರಪಾಣಿ ಬರೆದಿಟ್ಟಿದ್ದ ಮೆಮೊವನ್ನು ಹರಿದುಹಾಕಿದರು.

"ಎರಡು ಸಲ ಗೋಡೆ ಕೊರೆದೆ ಮೇಡಂ," ಎಂದ ಮುನಿರಾಜು. "ಆಗ ನನ್ ಪರ ಒಂದ್ಮಾತು ಆಡ್ಬೋದಿತ್ತು ನೀವು."

"ಆಡ್ಬೇಕಿತ್ತು. ತಪ್ಪಾಯ್ತು."

ಹಳೆಯ ರಿಪೋರ್ಟುಗಳನ್ನೆಲ್ಲ ಲ್ಯಾಬಿನ ಕೈಬರಹದ ಪುಸ್ತಕದೊಂದಿಗೆ ತಾಳೆ ನೋಡಿದರು. ಇನ್ನೂ ಒಂದು ತಪ್ಪಿತ್ತು, ಹೇರೋಹಳ್ಳಿಯ ಯಶೋದಮ್ಮನದು. ಅದೇ ಊರಿನವನಾದ ಮುನಿರಾಜು ಜಗದಾಂಬಾಳನ್ನು ಅವರ ಮನೆಗೆ ಕರೆದೊಯ್ದ.

ಸಂಗತಿ ಕೇಳಿ ಯಶೋದಮ್ಮ ಸೊಂಟದ ಮೇಲೆ ಕೈಯಿಟ್ಟರು. "ಹಂಗಾದ್ರೆ ನಂಗೆ ಸಕ್ಕರೆ ಕಾಯಿಲೆನೇ ಇಲ್ವಾ? ಯುಗಾದಿ ಒಬ್ಬಟ್ಟೂ ಮುಟ್ಲಿಲ್ಲವಲ್ಲೇ! ಯಾರು ಮಾಡಿದ್ದು, ಮಷಿನ್ನಾ?"

"ಇಲ್ಲಮ್ಮ, ನಾನೇ," ಎಂದಳು ಜಗದಾಂಬಾ.

ಯಶೋದಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಬಿಸಿಲಲ್ಲಿ ಬಂದಿದೀಯ. ಒಳಗೆ ಬಾ, ಆಮೇಲೆ ಬೈತೀನಿ."