ಡಬ್ಬಿ ಭಾವ ಹಿಡಿದ ಕಳ್ಳ

ಊರಿಗೆಲ್ಲ ಔಷಧಿ ಅಂಗಡಿಯವನಾದರೂ ಮನೆಮಂದಿಗೆ ಅವನು ಡಬ್ಬಿ ಭಾವ. ಅಂಗಡಿಗೆ ರಜೆ ಬಂತೆಂದರೆ ಕಾರ್ ಶೆಡ್ಡೇ ಅವನ ಲೋಕ. ನಾಣ್ಯ ಹಾಕಿ ಆಡುತ್ತಿದ್ದ ಹಳೇ ವಿಡಿಯೋ ಗೇಮ್ ಯಂತ್ರಗಳನ್ನು, ಬೀರುವಿನಷ್ಟು ಎತ್ತರದವನ್ನು, ಗುಜರಿಯಿಂದ ತಂದು ಮತ್ತೆ ಆಡುವಂತೆ ಮಾಡುವುದು ಅವನ ಹುಚ್ಚು. ಬಿಚ್ಚುವ ಮೊದಲೇ ಪ್ರತಿ ತಂತಿಗೂ ಚೀಟಿ, ಸ್ಕ್ರೂಗಳಿಗೆ ಮಾತ್ರೆ ಡಬ್ಬಿ. ಉಜ್ಜಿದಾಗ ಹೊಳೆದ ಚಿಪ್ ಹಸಿರು ಮುಚ್ಚಳದ ಡಬ್ಬಿಗೆ, ಅಂದರೆ ಸರಿಯಿದೆ. ಹೊಳೆಯದ್ದು ಕೆಂಪು ಮುಚ್ಚಳದ್ದಕ್ಕೆ. ಹಸಿರು ಡಬ್ಬಿ ಸೇರಿದ್ದನ್ನು ಮತ್ತೆ ಪರೀಕ್ಷಿಸುವುದೆಂದರೆ ಅವನಿಗೆ ಅವಮಾನ. ಈ ಶಿಸ್ತಿನಿಂದಲೇ ಮೂರು ಯಂತ್ರಗಳಿಗೆ ಜೀವ ಬಂತೆಂದು ಹೇಳಿ ಹೇಳಿ ಬಂದವರ ಕಿವಿ ತೂತು ಮಾಡಿದ್ದ.

ಒಂದು ದಿನ ಹಸಿರು ಡಬ್ಬಿ ತೆಗೆದರೆ ಒಂದು ಚಿಪ್ ತಿರುಗಾಮುರುಗಾ ಕೂತಿತ್ತು. ಯಾರೋ ಕೈ ಹಾಕಿದ್ದಾರೆ! ಶೆಡ್ಡಿನ ಇನ್ನೊಂದು ಬೀಗದ ಕೈ ಇದ್ದದ್ದು ಹೆಂಡತಿಯ ತಮ್ಮನ ಹತ್ತಿರ. ಅವನು ಹಲ್ಲಿನ ಡಾಕ್ಟರು. ಅವನ ಮನೆಯಲ್ಲೂ ಇಂಥದ್ದೇ ಯಂತ್ರಗಳಿದ್ದವು. ಇನ್ನೇನು ಬೇಕು? ಬೀಗದ ಕೈ ಇದ್ದವರೇ ಚಿಪ್ ಕದಿಯುತ್ತಿದ್ದಾರೆ ಎಂದು ಹೆಂಡತಿಯ ಮುಂದೆ ಗೊಣಗಿದ.

"ನನ್ನ ತಮ್ಮ ಕಳ್ಳ ಅಂತೀರಾ?" ಎಂದಳು ಹೆಂಡತಿ. "ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ!"

"ನಾನು ಯಾರ ಹೆಸರೂ ಎತ್ತಲಿಲ್ವಲ್ಲ!"

ಮುಂದಿನ ಸಲ ಭಾವಮೈದುನ ಬಂದಾಗ ಅವನ ಎದುರಿಗೇ, "ಯಾರೋ ಡಬ್ಬಿಗೆ ಕೈ ಹಾಕ್ತಿದಾರೆ ಕಣೋ," ಎಂದು ನೋಡಿದ. ಅವನು ತನ್ನ ಚೀಲವನ್ನು ಕಾಲ ಹತ್ತಿರ ಎಳೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಅಂದೇ ಭಾವ ಹೆಂಡತಿಯ ಉಗುರುಬಣ್ಣ ತಂದು ಹಸಿರು ಡಬ್ಬಿಯ ಪ್ರತಿ ಚಿಪ್‌ನ ಹೊಟ್ಟೆಗೂ ಒಂದು ಚುಕ್ಕಿ ಇಟ್ಟ. ವಾರ ಕಳೆದು ನೋಡಿದರೆ, ಕೆಲವಕ್ಕೆ ಚುಕ್ಕಿಯೇ ಇಲ್ಲ. ತನ್ನ ಚಿನ್ನದಂಥ ಮಾಲು ಹೊತ್ತೊಯ್ದು ಯಾವುದೋ ಕಸ ತಂದಿಟ್ಟಿದ್ದಾನೆ ಎಂದು ಹಲ್ಲು ಕಡಿದ.

ನಾಲ್ಕನೇ ಯಂತ್ರಕ್ಕೆ ಸ್ವಿಚ್ ಹಾಕುವ ದಿನ ಬಂತು. ಅಂಗಡಿಗೆ ಹೋಗಿಬರುತ್ತೇನೆಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟ ಭಾವ, ಹಿತ್ತಲಿನಿಂದ ಬೆಕ್ಕಿನ ಹೆಜ್ಜೆ ಇಟ್ಟು ವಾಪಸಾದ. ಭಾವಮೈದುನ ಯಂತ್ರದ ಹಿಂದೆ ಮಂಡಿಯೂರಿ, ಹಲ್ಲು ಕೆದಕುವ ಕೊಕ್ಕೆಯಿಂದ ಚಿಪ್ ಎಬ್ಬಿಸುತ್ತಿದ್ದ.

"ಸಿಕ್ಕಿಬಿದ್ಯಾ!" ಭಾವ ಚೀಲ ಕಿತ್ತು ಮೇಜಿನ ಮೇಲೆ ಸುರಿದ. ಬಿದ್ದದ್ದೆಲ್ಲ ಚುಕ್ಕಿಯವೇ. "ಇವು ಯಾರವು?"

"ನಿಮ್ಮವೇ ಭಾವ."

"ಮತ್ತೆ?"

"ಎಲ್ಲಾ ಕೆಟ್ಟಿರೋವು ಭಾವ. ನನ್ನ ಹತ್ರ ಇರೋ ಒಳ್ಳೇದು ಹಾಕಿ, ಇವನ್ನ ತಗೊಂಡು ಹೋಗ್ತಿದ್ದೆ."

ಸುಳ್ಳು! ಭಾವ, ಸರಿಯಾಗಿ ನಡೆಯುತ್ತಿದ್ದ ಯಂತ್ರವೊಂದಕ್ಕೆ ಚುಕ್ಕಿಯ ಚಿಪ್ ಹಾಕಿ ಸ್ವಿಚ್ ಒತ್ತಿದ. ಪರದೆ ತುಂಬ ಕತ್ತಲೆ. ಇನ್ನೊಂದು ಹಾಕಿದ. ಕತ್ತಲೆ.

"ಹಾಗಾದ್ರೆ ಮೊದಲನೇ ಯಂತ್ರ?"

ಭಾವಮೈದುನ ತಲೆ ತಗ್ಗಿಸಿದ. "ಅದು ಹೊತ್ಕೊಳ್ಳಲಿಲ್ಲ ಅಂತ ನೀವು ಊಟಾನೇ ಬಿಟ್ಟಿದ್ರಲ್ಲ. ನೋಡೋಕಾಗಲಿಲ್ಲ, ನನ್ನ ಚಿಪ್ ಹಾಕ್ಬಿಟ್ಟೆ. ಆಮೇಲೆ ನಿಲ್ಸೋಕೂ ಆಗಲಿಲ್ಲ."

ಭಾವ ಸ್ಟೂಲ್ ಎಳೆದುಕೊಂಡು ಕೂತ. ಇವನು ಕಳ್ಳನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಮೂರೂ ಯಂತ್ರಗಳಿಗೆ ಜೀವ ಕೊಟ್ಟ ಹೆಮ್ಮೆ ತನ್ನದೇ ಆಗಿ ಉಳಿಯುತ್ತಿತ್ತು.

ಗಲಾಟೆ ಕೇಳಿ ಹೆಂಡತಿ ಬಾಗಿಲಿಗೆ ಬರುತ್ತಿದ್ದಳು. ಭಾವ ಅವನ ಕೈ ಹಿಡಿದು ಪಿಸುಗುಟ್ಟಿದ: "ಕದ್ದೆ ಅಂತ ಹೇಳ್ಬಿಡೋ. ನಾನು ಕ್ಷಮಿಸಿಬಿಡ್ತೀನಿ."

"ಏನಾಯ್ತು?" ಎಂದಳು ಅವಳು.

ಭಾವಮೈದುನ ಭಾವನನ್ನು ಒಮ್ಮೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. "ನಾನೇ ಕದ್ದೆ ಅಕ್ಕ," ಎಂದ.

ಅವಳ ಮುಖ ಸಣ್ಣದಾಯಿತು. ಕ್ಷಮಿಸುವ ಸರದಿ ಈಗ ಡಬ್ಬಿ ಭಾವನದು. ಅವನು ಮೇಜಿನ ಮೇಲಿನ ಚುಕ್ಕಿಯ ಚಿಪ್‌ಗಳನ್ನು ಒಂದೊಂದಾಗಿ ಹೆಕ್ಕಿ ಕೆಂಪು ಮುಚ್ಚಳದ ಡಬ್ಬಿಗೆ ಹಾಕತೊಡಗಿದ.