ಪೂಲ್ ಯಾರು ಮುಚ್ಚಬೇಕು

ಮೂರನೆಯ ಸಲವೂ ಪ್ರೋಗ್ರಾಂ ಅರ್ಧಕ್ಕೇ ನಿಂತಾಗ ಮಧ್ಯಾಹ್ನ ಎರಡೂವರೆ. ಕಣ್ಣಾಸ್ಪತ್ರೆಯ ಕಾರಿಡಾರಿನಲ್ಲಿ ಹನ್ನೊಂದು ಜನ ಬೆಳಗಿನಿಂದ ಸ್ಕ್ಯಾನ್ ವರದಿಗಾಗಿ ಕೂತಿದ್ದರು. ಡಾಕ್ಟರಮ್ಮ ನಾಲ್ಕಕ್ಕೆ ಹೊರಟುಬಿಟ್ಟರೆ ಅವರೆಲ್ಲ ಮುಂದಿನ ವಾರ ಮತ್ತೆ ಬರಬೇಕು.

ಪ್ರೋಗ್ರಾಂನಲ್ಲಿ ಸ್ಕ್ಯಾನ್ ಚಿತ್ರಗಳನ್ನು ಶುಚಿ ಮಾಡುವ ಭಾಗ, ಅಂದರೆ ಮಾಡ್ಯೂಲ್, ನನ್ನ ಸಹೋದ್ಯೋಗಿಯದು. ಹಿಂದೆ ಪಾಠ ಹೇಳುತ್ತಿದ್ದವರು, ಹಾಗಾಗಿ ಎಲ್ಲರಿಗೂ ಅವರು ಮೇಷ್ಟ್ರು. ಶುಚಿಯಾದ ಚಿತ್ರಗಳನ್ನು ಅಳೆಯುವ ಮಾಡ್ಯೂಲ್ ನನ್ನದು. ಪೂಲ್ ಎಂದರೆ ಕಂಪ್ಯೂಟರಿನೊಳಗೆ ಆಳುಗಳ ಹಾಗೆ ಕೆಲಸಕ್ಕಾಗಿ ಕಾದು ನಿಂತ ಎಂಟು ಪ್ರೊಸೆಸ್‌ಗಳು. ಮೊದಲು ಇಬ್ಬರೂ ಒಂದೊಂದು ಪೂಲ್ ತೆರೆಯುತ್ತಿದ್ದೆವು. ಹದಿನಾರೂ ಒಟ್ಟಿಗೆ ಮುಗಿಬಿದ್ದು ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ಅದಕ್ಕೇ ಇವತ್ತಿನಿಂದ ಇಬ್ಬರಿಗೂ ಒಂದೇ ಪೂಲ್. ಬೇರೆ ಬೇರೆಯಾಗಿ ಓಡಿಸಿ ನೋಡಿದ್ದಾಗ ಎರಡು ಮಾಡ್ಯೂಲೂ ಸರಿಯಿದ್ದವು.

"ಮಷೀನೇ ಕೈ ಕೊಡ್ತಾ ಇದೆ ಅಕ್ಕಾ," ಎಂದರು ಮೇಷ್ಟ್ರು.

"ಪಾಪ, ಅದು ಹೇಳಿದಷ್ಟು ಮಾಡುತ್ತೆ. ನಿಮ್ಮ ಫೈಲ್ ತೆಗೀರಿ."

ಕಣ್ಣುಜ್ಜಿಕೊಂಡು ಓದಿದೆ. ಕಟ್ಟಕಡೆಯ ಸಾಲಿನಲ್ಲಿ ಸಿಕ್ಕಿತು. ತಮ್ಮ ಪಾಲಿನ ಕೆಲಸ ಮುಗಿದ ಕೂಡಲೇ ಅವರು ಪೂಲನ್ನೇ ಮುಚ್ಚಿಬಿಡುತ್ತಿದ್ದರು. ನನ್ನ ಮಾಡ್ಯೂಲ್ ಕೆಲಸ ಹಿಡಿದು ಬರುವ ಹೊತ್ತಿಗೆ ಮಾಡಲು ಯಾರೂ ಇರುತ್ತಿರಲಿಲ್ಲ.

"ಬಳಸಿದ್ದನ್ನ ಮುಚ್ಚಿಡೋದು ಒಳ್ಳೇ ಅಭ್ಯಾಸ ಅಲ್ವಾ?"

"ನಿಮ್ಮ ಊಟ ಆಯ್ತು ಅಂತ ಉಳಿದವರ ತಟ್ಟೇನೂ ಎತ್ತಿಬಿಡ್ತೀರಾ?"

"ಮನೆಯವಳೂ ಅದನ್ನೇ ಕೇಳ್ತಾಳೆ," ಎಂದು ನಕ್ಕರು. ನಗುವಿಗೂ ದಣಿವಾಗಿತ್ತು.

ತೆರೆಯುವುದನ್ನೂ ಮುಚ್ಚುವುದನ್ನೂ ಎರಡು ಮಾಡ್ಯೂಲನ್ನೂ ಓಡಿಸುವ ಮುಖ್ಯ ಫೈಲಿಗೇ ಬಿಟ್ಟೆವು. ಅಲ್ಲಿ ತೆರೆದ ಪೂಲನ್ನು ಅದು ನಮ್ಮಿಬ್ಬರ ಮಾಡ್ಯೂಲಿಗೂ ಕೊಡುತ್ತದೆ. ನಾವು ಬಳಸಬಹುದು, ಮುಚ್ಚುವ ಹಾಗಿಲ್ಲ. ಎಲ್ಲ ತಿದ್ದಿ ಓಡಿಸಿದಾಗ ಮೂರು ಇಪ್ಪತ್ತು. ಮುಗಿಯಲು ಐವತ್ತು ನಿಮಿಷ ಬೇಕು. ನನಗೆ ಕುರ್ಚಿಯಿಂದ ಏಳುವ ಶಕ್ತಿಯೂ ಉಳಿದಿರಲಿಲ್ಲ.

ಮೇಷ್ಟ್ರು ಎದ್ದು ಹೋದರು. ಪಕ್ಕದ ಕೋಣೆಯಿಂದ ಅವರ ದನಿ ಕೇಳಿಸಿತು. "ತಪ್ಪು ನಂದು ಡಾಕ್ಟ್ರೇ. ಹತ್ತು ನಿಮಿಷ ತಡ ಆಗುತ್ತೆ. ದಯವಿಟ್ಟು ಇರ್ತೀರಾ?"

ಒಂದೇ ಪೂಲ್ ಸಾಕೆಂದವಳು ನಾನು. ಅದನ್ನು ಯಾರು ಮುಚ್ಚಬೇಕೆಂದು ಹೇಳದೆ ಬಿಟ್ಟವಳೂ ನಾನೇ. ಆ ಮಾತನ್ನು ಅವರು ಎತ್ತಲೇ ಇಲ್ಲ.

"ಹತ್ತೇ ನಿಮಿಷ ತಾನೆ? ಹೊರಗಿನವರು ಬೆಳಗ್ಗೆಯಿಂದ ಕೂತಿದ್ದಾರೆ," ಎಂದರು ಡಾಕ್ಟರಮ್ಮ.

ನಾಲ್ಕು ಹನ್ನೆರಡಕ್ಕೆ ಮೊದಲ ಹೆಸರು ಕೂಗಿದರು. ಗೋಡೆಗೊರಗಿ ನಿದ್ದೆ ಹೋಗಿದ್ದ ಅಜ್ಜಿಯನ್ನು ಪಕ್ಕದವರು ಮೆಲ್ಲಗೆ ತಟ್ಟಿ ಎಬ್ಬಿಸಿ, ಬೆಂಚಿನಡಿ ಸರಿದಿದ್ದ ಅವರ ಚಪ್ಪಲಿಗಳನ್ನು ಕಾಲ ಬಳಿ ತಂದಿಟ್ಟರು.