ಹೊಳಬಸಪ್ಪನ ಡೀಸೆಲ್ ಮಡಿ

ತೇರದಾಳದ ಹೊಳಬಸಪ್ಪ ಯಾರನ್ನು ಬೇಕಾದರೂ ನಂಬುತ್ತಿದ್ದ, ಡೀಸೆಲ್ಲನ್ನು ಮಾತ್ರ ನಂಬುತ್ತಿರಲಿಲ್ಲ. ಯಾವ ಪಂಪಿನಿಂದ ತಂದರೂ ಸರಿ, ಹಳೆಯ ಧೋತರದ ಬಟ್ಟೆಯಲ್ಲಿ ಸೋಸಿದ ಮೇಲೆಯೇ ಅದು ಅವನ ಟ್ರ್ಯಾಕ್ಟರಿನ ಟಾಕಿಗೆ ಇಳಿಯಬೇಕು. ತಪ್ಪೇನಿಲ್ಲ ಬಿಡಿ. ಡೀಸೆಲ್‌ನಲ್ಲಿ ಕಸ, ನೀರು ಸೇರಿದರೆ ಎಂಜಿನ್ ಕೆಮ್ಮುತ್ತದೆ, ಕೆಮ್ಮಿ ನಿಂತುಬಿಡುತ್ತದೆ. ಆದರೆ ಈ ಪುಣ್ಯಾತ್ಮ ಮದುವೆ ಊಟಕ್ಕೆ ಕೂತಾಗಲೂ ಪಕ್ಕದವನಿಗೆ ಅದನ್ನೇ ಹೇಳುತ್ತಿದ್ದ. ಪಾಪ, ಅವನು ಹೋಳಿಗೆ ಬಿಟ್ಟು ಏಳುವಂತೆಯೂ ಇರಲಿಲ್ಲ.

ಈ ಸಲ ಬಾಡಗಂಡಿಯಲ್ಲಿ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ಹಿಂದಕ್ಕೆ ಓಡಿಸುವ ಪಂದ್ಯ. ಕಬ್ಬು ಹೇರುವ ಊರುಗಳಲ್ಲಿ ಮುಂದಕ್ಕೆ ಓಡಿಸುವವನನ್ನು ಯಾರು ಕೇಳುತ್ತಾರೆ? ಹಿಂದಕ್ಕೆ ಹೋಗುವಾಗ ಟ್ರೇಲರ್ ಹಟಮಾರಿ ಎಮ್ಮೆಯಂತೆ ಅಡ್ಡ ತಿರುಗುತ್ತದೆ. ಅದನ್ನು ನೆಟ್ಟಗೆ ನಡೆಸುವವನೇ ಗಂಡಸು ಎಂಬ ಲೆಕ್ಕ. ಹೊಳಬಸಪ್ಪನಿಗೆ ಬಹುಮಾನ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ತನ್ನ ಹುಲಿ ಉಳಿಯುವುದು.

ಹುಲಿ ಅಂದರೆ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಬರೆಸಿದ್ದ ಚಿತ್ರ, ಕೆಳಗೆ 'ತೇರದಾಳ ಹುಲಿ' ಎಂಬ ಹೆಸರು. ಹೆಂಡತಿ ಮಾದೇವಿಯ ತಮ್ಮ, ಮುಧೋಳದ ಚಿದಾನಂದ, ತನ್ನ ಟ್ರ್ಯಾಕ್ಟರಿನ ಮೇಲೆ ಊರಿಗೆ ತಕ್ಕಂತೆ ಬೇಟೆನಾಯಿ ಬರೆಸಿದ್ದ. ಪಂಥ ಕಟ್ಟಿದವನು ಅವನೇ.

"ನೀವು ಸೋತ್ರ ಹುಲಿ ಅಳಿಸಿ ಮೊಲ ಬರಸಬೇಕ್ರಿ ಮಾಮಾ. ನಮ್ಮ ನಾಯಿಗೆ ಬೆನ್ನ ಹತ್ತಾಕ ಏನರೆ ಬೇಕಲ್ರಿ!"

"ನೀ ಸೋತ್ರ ನಾಯಿ ಅಳಿಸಿ ಬೆಕ್ಕು ಬರಸಬೇಕಲೇ!" ಎಂದು ಹೊಳಬಸಪ್ಪ ಒಪ್ಪಿಬಿಟ್ಟಿದ್ದ. ಒಪ್ಪಿದ ಮೇಲೆ ಅನ್ನ ಸೇರಲಿಲ್ಲ. ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲಿನಲ್ಲಿ ಮೊಲ ಹೊತ್ತು ನಿಲ್ಲುವುದೆಂದರೆ ಸುಮ್ಮನೆ ಮಾತೇ?

ಅದಕ್ಕೇ ಪಂದ್ಯದ ದಿನ ಬರೀ ಸೋಸಿದರೆ ಸಾಲದು, ಮಡಿಯಲ್ಲಿ ಸೋಸಬೇಕು ಎಂದು ಅವನಿಗೆ ಹೊಳೆಯಿತು. ಮೈದಾನದ ಪಕ್ಕದ ನಳದ ಕೆಳಗೆ ಸ್ನಾನ ಮಾಡಿದ. ಧೋತರದ ಬಟ್ಟೆಯನ್ನೂ ಅಲ್ಲೇ ಒಗೆದ. ನೀರು ತೊಟ್ಟಿಕ್ಕುತ್ತಿದ್ದ ಆ ಬಟ್ಟೆಗೆ ವಿಭೂತಿಯನ್ನು ಧಾರಾಳವಾಗಿ ಬಳಿದು, ಟಾಕಿಯ ಬಾಯಿಗಿಟ್ಟ ಲಾಳಿಕೆಯ ಮೇಲೆ ಹಾಸಿದ.

ಮಾದೇವಿಗೆ ತಡೆಯಲಿಲ್ಲ. "ರೀ, ಬಟ್ಟಿ ಹಸಿ ಐತಲ್ರಿ!"

"ಒಣಾ ಬಟ್ಟಿಗೆ ಮಡಿ ಅಂತಾರೇನ? ಸುಮ್ಕಿರ ಬೇ."

ಕ್ಯಾನಿನ ಡೀಸೆಲ್ ಪೂರ್ತಿ ಇಳಿಯಿತು. ಬಟ್ಟೆಯ ಮೇಲೆ ಸಿಕ್ಕ ಕಸವನ್ನು ನೆರೆದವರಿಗೆಲ್ಲ ತೋರಿಸಿ, "ನೋಡ್ರಿ, ಇದೆಲ್ಲಾ ಎಂಜಿನ್ನಿಗೆ ಹೋಗತಿತ್ತು!" ಎಂದು ಬೀಗಿದ. ಅಲ್ಲಿಗೆ ನಿಲ್ಲಿಸಿದ್ದರೆ ಅವನು ಹೊಳಬಸಪ್ಪನೇ ಅಲ್ಲ. ಬಟ್ಟೆಯಲ್ಲಿ ಇನ್ನೂ ಡೀಸೆಲ್ ಉಳಿದಿದೆಯಲ್ಲ! ಎರಡೂ ಕೈಯಲ್ಲಿ ಮುದ್ದೆ ಮಾಡಿ ಹಿಡಿದ.

"ಅಯ್ಯ, ಹಿಂಡಬ್ಯಾಡ್ರಿ! ಚಹಾ ಸೋಸಿದ ಮ್ಯಾಲೆ ಚಾಪುಡಿ ಹಿಂಡಿ ಕುಡೀತೀರೇನ್ರಿ?" ಎಂದು ಮಾದೇವಿ ಕೂಗಿದಳು.

"ಡೀಸೆಲ್ ಪುಕ್ಕಟೆ ಬರತೈತೇನ?" ಎನ್ನುತ್ತಲೇ ಲಾಳಿಕೆಯೊಳಗೆ ಕಸುವೆಲ್ಲ ಹಾಕಿ ಹಿಂಡಿದ. ನೀರು, ವಿಭೂತಿ, ಆಗಷ್ಟೇ ತೋರಿಸಿದ ಕಸ ಎಲ್ಲವೂ ಟಾಕಿ ಸೇರಿದವು. ಮಾದೇವಿ ಹಣೆ ಚಚ್ಚಿಕೊಂಡಳು.

ಅತ್ತ ಚಿದಾನಂದ ಹಲ್ಲು ಕಿರಿಯುತ್ತ, ಹಾದಿಯಲ್ಲೇ ಪಂಪಿನಲ್ಲಿ ತುಂಬಿಸಿಕೊಂಡು ಬಂದಿದ್ದ ಟ್ರ್ಯಾಕ್ಟರನ್ನು ಕೊನೆಯ ಬಾವುಟದವರೆಗೆ ಹಿಂದಕ್ಕೆ ಓಡಿಸಿಬಿಟ್ಟ. ಟ್ರೇಲರ್ ತುಸು ಸೊಟ್ಟಗೇ ಹೋಯಿತು. ಅವನನ್ನು ಗೆಲ್ಲುವುದು ಕಷ್ಟವಿರಲಿಲ್ಲ.

ಹೊಳಬಸಪ್ಪ ಹುಲಿಗೆ ಕೈಮುಗಿದು ಹತ್ತಿದ. ಆಹಾ, ಏನು ಹೊರಟಿತು! ಟ್ರೇಲರ್ ದಾರ ಹಿಡಿದಂತೆ ನೆಟ್ಟಗೆ ಹಿಂದಕ್ಕೆ ಸರಿಯಿತು. ಜನ ಸಿಳ್ಳೆ ಹೊಡೆದರು. ಅವನ ಎದೆ ಉಬ್ಬಿತು. ಇನ್ನೇನು ಕೊನೆಯ ಬಾವುಟ ಬಂತು ಅನ್ನುವಾಗ ಎಂಜಿನ್ ಒಮ್ಮೆ ಕೆಮ್ಮಿತು. ಮತ್ತೆ ಕೆಮ್ಮಿತು. ಬಿಳೀ ಹೊಗೆ ಬಿಟ್ಟು ನಿಂತೇಬಿಟ್ಟಿತು. ಎಷ್ಟು ಕೀಲಿ ತಿರುವಿದರೂ ಹುಲಿ ಗುರ್ ಅನ್ನಲಿಲ್ಲ.

ಚಿದಾನಂದನೇ ಓಡಿ ಬಂದು ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿದ. ಬೂದಿ ಕದಡಿದ ನೀರು ಸುರಿಯಿತು. ಬೆರಳಿಗೆ ಹಚ್ಚಿಕೊಂಡು ನೋಡಿ, "ಮಾಮಾ, ಎಂಜಿನ್ನಿಗೆ ದೀಕ್ಷಾ ಕೊಟ್ಟೀರೇನ್ರಿ?" ಎಂದ. ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಹೊಳಬಸಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವನ ಡೀಸೆಲ್ ಉಪದೇಶ ಕೇಳಿ ಸಾಕಾದವರೆಲ್ಲ ಅಲ್ಲೇ ಇದ್ದರು.

ಮರುದಿನ ಪೇಂಟರ್ ಮನೆಯ ಮುಂದೆ ಬಂದ. ಮೊಲದ ಕಿವಿ ಬರೆಯಲು ಬಿಳಿ ಬಣ್ಣದ ಡಬ್ಬಿ ತೆರೆದಾಗ, ಮೋರೆ ಊದಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ ಹೊಳಬಸಪ್ಪ ಕತ್ತು ಚಾಚಿದ. ನೋಡಿದ. ತಡೆಯಲಾಗದೆ ಹೆಗಲ ಮೇಲಿನ ಟವೆಲ್ ಎಳೆದುಕೊಂಡು ಎದ್ದ.

"ತಡಿಯೋ ತಮ್ಮಾ, ಬಣ್ಣದಾಗ ಕಸ ಐತಿ. ಸೋಸಿ ಕೊಡತೇನಿ."

ಬಾಗಿಲಲ್ಲಿ ನಿಂತಿದ್ದ ಮಾದೇವಿ ಅಂದಳು: "ಸೋಸ್ರಿ. ಹಿಂಡಬ್ಯಾಡ್ರಿ."